ಸೊಂಟ ನೋಯದ ಹಾಗೆ ಕೂತು ಗಿಟಾರ್ ನುಡಿಸೋದು: ನನ್ನ ಅನುಭವ

ಕ್ಲಾಸಿಕಲ್ ಗಿಟಾರ್ ಶುರು ಮಾಡಿದವರಿಗೆ ಮೊದಲು ಹೇಳೋದೇ ಎಡಗಾಲಿನ ಕೆಳಗೆ ಫುಟ್‌ಸ್ಟೂಲ್ ಇಡಿ ಅಂತ. ಸ್ಪೇನ್‌ನ ಗಿಟಾರ್ ವಾದಕ ಫ್ರಾನ್ಸಿಸ್ಕೊ ತಾರೆಗಾ (1852–1909) ಹೀಗೇ ಕೂರುತ್ತಿದ್ದರು, ಅವರ ಶಿಷ್ಯರಿಂದ ಇದು ಎಲ್ಲ ಕಡೆ ಹರಡಿತು. ಗಿಟಾರ್ ಏನೋ ಚೆನ್ನಾಗಿ ನಿಲ್ಲುತ್ತದೆ. ಆದರೆ ಒಂದು ಕಾಲು ಮೇಲೆ, ಒಂದು ಕೆಳಗೆ ಇದ್ದರೆ ಸೊಂಟದ ಒಂದು ಬದಿ ಎತ್ತಿಕೊಳ್ಳುತ್ತದೆ, ಬೆನ್ನು ಬಾಗುತ್ತದೆ. ತಾಸುಗಟ್ಟಲೆ ನುಡಿಸಿದ ದಿನ ನನಗೆ ಸೊಂಟ ಹಿಡಿದುಕೊಂಡೇ ಬಿಡುತ್ತಿತ್ತು.

ಎರಡೂ ಪಾದ ನೆಲಕ್ಕೆ ತಾಗಿರಬೇಕು, ಗಿಟಾರ್ ಮಾತ್ರ ಮೇಲೆ ಬರಬೇಕು. ನನಗೆ ಬೇಕಾಗಿದ್ದು ಇಷ್ಟೇ.

ಮೊದಲು ತರಿಸಿದ್ದು ಗಿಟಾರ್‌ನ ಪಕ್ಕಕ್ಕೆ ಅಂಟಿಸುವ ಸಕ್ಷನ್ ಕಪ್ ಸಪೋರ್ಟ್, ಅಂದರೆ ಒತ್ತಿದರೆ ಗಾಳಿ ಹೊರಹೋಗಿ ಅಂಟಿಕೊಳ್ಳುವ ಬಟ್ಟಲುಗಳಿರುವ ಆಸರೆ. ಹಗುರ, ಎತ್ತರವನ್ನೂ ಬೇಕಾದ ಹಾಗೆ ಹೊಂದಿಸಬಹುದು. ಆದರೆ ಈ ಕಪ್‌ಗಳು ಹೊಳೆಯುವ ನುಣುಪು ಪಾಲಿಶ್ ಮೇಲೆ ಮಾತ್ರ ಗಟ್ಟಿಯಾಗಿ ಹಿಡಿಯುತ್ತವೆ. ನನ್ನದು ಹೊಳಪಿಲ್ಲದ ಮ್ಯಾಟ್ ಫಿನಿಶ್, ಸಂದಿಯಲ್ಲಿ ಗಾಳಿ ನುಗ್ಗಿ ನುಡಿಸುತ್ತಿರುವಾಗಲೇ ಪಟ್ ಅಂತ ಕಳಚಿಕೊಳ್ಳುತ್ತಿತ್ತು. ಪಾರದರ್ಶಕ ವಿನೈಲ್ ಹಾಳೆ ಅಂಟಿಸಿ ಅದರ ಮೇಲೆ ಕಪ್ ಕೂರಿಸಿದರೆ ನಿಲ್ಲುತ್ತದೆ. ಫ್ರೆಂಚ್ ಪಾಲಿಶ್ ಗಿಟಾರ್ ಇದ್ದವರಂತೂ ಹಾಳೆ ಇಲ್ಲದೆ ಕಪ್ ಒತ್ತಲೇಬೇಡಿ, ಅರಗಿನ ಪಾಲಿಶ್ ಮೇಲೆ ಗುರುತು ಬಿದ್ದುಬಿಡುತ್ತದೆ.

ನನಗೆ ಕೊನೆಗೆ ಒಗ್ಗಿದ್ದು ದಿಂಬು. ಬೆಳಗಾವಿಯ ಶಹಾಪುರದಲ್ಲಿ ಗಾದಿ ಹೊಲಿಯುವವರೊಬ್ಬರ ಹತ್ತಿರ ರಟ್ಟಿನಲ್ಲಿ ಅಳತೆ ಕತ್ತರಿಸಿಕೊಂಡು ಹೋದೆ: ಕೆಳಗೆ ತೊಡೆಗೆ ಕೂರುವಂತೆ ಸ್ವಲ್ಪ ತಗ್ಗು, ಮೇಲೆ ಗಿಟಾರ್‌ನ ನಡುವಿನ ತಿರುವಿಗೆ ಸರಿಹೊಂದುವ ಉಬ್ಬು. "ಮೆತ್ತಗಿನ ಫೋಮ್ ಹಾಕಿದ್ರ ನಾಕ್ ದಿನದಾಗ ಕುಂತುಬಿಡ್ತದ್ರಿ ಸರ, ಗಟ್ಟಿದ ಹಾಕೂಣ್ರಿ" ಅಂದರು. ಅವರ ಮಾತು ಕೇಳಿದ್ದು ಒಳ್ಳೆಯದೇ ಆಯಿತು. ಗಿಟಾರ್‌ಗೆ ತಾಗುವ ಬದಿಗೆ ಹತ್ತಿ ಬಟ್ಟೆ, ತೊಡೆಯ ಬದಿಗೆ ಜಾರದ ರಬ್ಬರ್ ಜಾಲಿ. ಅದಲುಬದಲು ಮಾಡಬೇಡಿ, ರಬ್ಬರ್ ಸದಾ ತಾಗುತ್ತಿದ್ದರೆ ಪಾಲಿಶ್ ಹಾಳಾಗಬಹುದು.

ಕುರ್ಚಿಯೂ ಅಷ್ಟೇ ಮುಖ್ಯ. ಕೈ ಇಲ್ಲದ, ಗಟ್ಟಿ ಕುರ್ಚಿ ಇರಲಿ. ಅಂಚಿನ ಹತ್ತಿರ ಕೂತರೆ ತೊಡೆ ನೆಲಕ್ಕೆ ಸಮನಾಗಿರಬೇಕು. ಆಮೇಲೆ ಎರಡೂ ಕೈ ಬಿಟ್ಟು ನೋಡಿ. ಎರಡು ತೊಡೆ, ಎದೆ ಇಷ್ಟರ ಆಸರೆಯಲ್ಲೇ ಗಿಟಾರ್ ನಿಲ್ಲಬೇಕು. ಎಡಗೈ ಗಿಟಾರ್‌ನ ಕತ್ತನ್ನು ಹೊರಬೇಕಾಗಿ ಬಂದರೆ ಎತ್ತರ ಸಾಲದು ಅಂತಲೇ ಅರ್ಥ, ಹೆಬ್ಬೆರಳಲ್ಲಿ ಬಿಗಿತ ಶುರುವಾಗುತ್ತದೆ. ಗಿಟಾರ್‌ನ ತಲೆ ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕೆ ಬಂದರೆ ನನಗೆ ಸರಿ. ಮೇಲಿನ ಫ್ರೆಟ್‌ಗಳು (ಕತ್ತಿನ ಅಡ್ಡಪಟ್ಟಿಗಳಲ್ಲಿ ಗಿಟಾರ್‌ನ ಒಡಲಿನ ಹತ್ತಿರದವು) ಜಾಸ್ತಿ ಇರುವ ಕೃತಿ ಇದ್ದ ದಿನ ದಿಂಬಿನ ಕೆಳಗೆ ಮಡಚಿದ ಟವೆಲ್ ಒಂದು ಸೇರಿಸಿಕೊಳ್ಳುತ್ತೇನೆ.