ಅಟ್ಟದ ವೈರು ಇಲಿ ಪಾಲಾಗದಿರಲಿ

ಮಳೆ ಹಿಡಿಯಿತು ಅಂದರೆ ಗದ್ದೆ ಬದಿಯ ಇಲಿಗಳೆಲ್ಲ ಹೆಂಚಿನ ಮನೆಯ ಅಟ್ಟ ಹತ್ತುತ್ತವೆ. ಇಲಿಯ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಹೊಟ್ಟೆ ತುಂಬಿದ್ದರೂ ಏನಾದರೂ ಕಡಿಯುತ್ತಿರಬೇಕು. ವೈರು ಸಿಕ್ಕಿದರೆ ಬಿಡುತ್ತದಾ?

ಹಗಲಲ್ಲಿ ಮೇನ್ ಸ್ವಿಚ್ ಆಫ್ ಮಾಡಿ, ಟಾರ್ಚ್ ಹಿಡಿದು ಅಟ್ಟ ನೋಡಿ. ವೈರಿನ ಮೇಲೆ ಜೋಡಿ ಹಲ್ಲಿನ ಗೀರು, ಕೆಳಗೆ ಪ್ಲಾಸ್ಟಿಕ್ ಪುಡಿ, ಪಕ್ಕದಲ್ಲೇ ಹಿಕ್ಕೆ ಇದ್ದರೆ ಅದೇ ಅವುಗಳ ದಾರಿ. ತಾಮ್ರ ಕಾಣುತ್ತಿದ್ದರೆ ಮುಟ್ಟಬೇಡಿ. ಟೇಪ್ ಸುತ್ತಿ ಸುಮ್ನಾಗಲೂ ಬೇಡಿ, ಎಲೆಕ್ಟ್ರಿಷಿಯನ್ ಕರೆದು ಆ ವೈರನ್ನೇ ಬದಲಾಯಿಸಿ. ಅಟ್ಟದಲ್ಲಿ ಹಾಗೇ ಎಳೆದಿರುವ ವೈರುಗಳನ್ನು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನೊಳಗೆ ಹಾಕಿಸೋದು ವಾಸಿ. ಖರ್ಚು ಜಾಸ್ತಿ, ನಿಜ. ಆದರೆ ಪಿವಿಸಿ ಪೈಪನ್ನೂ ಇಲಿ ಕಡಿಯುತ್ತದೆ ಅಲ್ವಾ. ಜಿಐ ಪೈಪಿಗೆ ಅರ್ತಿಂಗ್ ಕೊಡಿಸಲೇಬೇಕು.

ಸುಂಡಿಲಿಗೆ ಪೆನ್ಸಿಲ್ ತೂರುವಷ್ಟು ಸಂದಿ ಸಾಕು. ಗೋಡೆಯ ತೂತಿಗೆ ಬಟ್ಟೆ, ಥರ್ಮಾಕೋಲ್ ತುರುಕಿದರೆ ಪ್ರಯೋಜನವಿಲ್ಲ. ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಬಿಗಿಯಾಗಿ ತುಂಬಿ ಮೇಲೆ ಸಿಮೆಂಟ್ ಮೆತ್ತಿ. ವೈರು ಹಾದುಹೋಗುವ ತೂತಿಗೆ ಮಾತ್ರ ಸ್ಟೀಲ್ ನಾರು ಬೇಡ, ಬರೀ ಸಿಮೆಂಟ್ ಸಾಕು.

ವಿಷ ಇಡೋದು ನನಗಂತೂ ಇಷ್ಟವಿಲ್ಲ. ಕೈಗೆ ಸಿಗದ ಮೂಲೆಯಲ್ಲಿ ಸತ್ತರೆ ಮನೆಯೆಲ್ಲ ನಾತ. ಬೋನೇ ಮೇಲು.

ಇನ್ನೊಂದು, ಕರೆಂಟ್ ಸೋರಿದರೆ ತಾನಾಗಿಯೇ ಲೈನ್ ಆಫ್ ಮಾಡುವ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಇರುವವರು ಅದರ ಟೆಸ್ಟ್ ಬಟನ್ ಒತ್ತಿ ನೋಡಿ, ತಕ್ಷಣ ಟ್ರಿಪ್ ಆಗಬೇಕು.