ವಸಡಿನ ಚೀಲಕ್ಕೆ ಚಿಪ್ ಇಡುವಾಗ

ಉಡುಪಿ, ಮಲ್ಪೆ ಕಡೆಯ ನಮ್ಮ ರೋಗಿಗಳಲ್ಲಿ ಹಲವರು ವಸಡಿನ ರೋಗಕ್ಕೆ ಕ್ಲೀನಿಂಗ್ ಬೇಡ, ಮಾತ್ರೆ ಬರೆದುಕೊಡಿ ಅನ್ನುತ್ತಾರೆ. ನಾನು ಬರೆಯುವುದಿಲ್ಲ. ಹಲ್ಲಿನ ಬೇರಿಗೆ ಅಂಟಿದ ಗಾರೆಯ (ಗಟ್ಟಿಯಾದ ಕೊಳೆ) ಮೇಲೆ ಬ್ಯಾಕ್ಟೀರಿಯಾ ಲೋಳೆಯ ಪದರ ಕಟ್ಟಿಕೊಂಡಿರುತ್ತದೆ. ಅದನ್ನು ಕೆರೆದು ಒಡೆಯದಿದ್ದರೆ ಔಷಧಿ ಒಳಗಿಳಿಯುವುದು ಕಷ್ಟ.

ಮೊದಲ ದಿನ ಪ್ರೋಬ್ (ಅಳತೆ ಗುರುತಿರುವ ಸಣ್ಣ ಕಡ್ಡಿ) ಹಾಕಿ ಪ್ರತಿ ಹಲ್ಲಿಗೆ ಆರು ಕಡೆ ಚೀಲದ, ಅಂದರೆ ವಸಡು ಹಲ್ಲಿನಿಂದ ಬಿಟ್ಟು ಆದ ಸಂದಿನ, ಆಳ ಬರೆದುಕೊಳ್ಳುತ್ತೇನೆ. ವಸಡು ಮರಗಟ್ಟಿಸಿ, ಅಲ್ಟ್ರಾಸೋನಿಕ್ ಯಂತ್ರದಲ್ಲಿ ದೊಡ್ಡ ಗಾರೆ ತೆಗೆದು, ಉಳಿದದ್ದಕ್ಕೆ ಗ್ರೇಸಿ ಕ್ಯುರೆಟ್ ಎಂಬ ಕೆರೆಯುವ ಕೈ ಉಪಕರಣ: ದವಡೆ ಹಲ್ಲಿನ ಮುಂಬದಿಗೆ 11/12 ನಂಬರಿನದು, ಹಿಂಬದಿಗೆ 13/14. ಮೊಂಡಾದ ಕ್ಯುರೆಟ್ ಗಾರೆಯನ್ನು ಕೀಳುವುದಿಲ್ಲ, ಮೇಲಿಂದ ಸವರಿ ನುಣುಪಾಗಿಸಿ ಬಿಡುತ್ತದೆ. ಕೈಗೆ ನುಣುಪು ಸಿಕ್ಕಿತೆಂದು ಮೋಸಹೋಗುವುದು ಇಲ್ಲೇ.

ಮನೆಗೆ ಬಾಯಿ ಮುಕ್ಕಳಿಸಲು 0.2% ಕ್ಲೋರ್‌ಹೆಕ್ಸಿಡಿನ್ (ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ), 10 ಮಿ.ಲೀ., ದಿನಕ್ಕೆರಡು ಸಲ, ಒಂದು ನಿಮಿಷ, ಎರಡು ವಾರ ಮಾತ್ರ. ಪೇಸ್ಟ್ ಹಾಕಿ ಉಜ್ಜಿದ ಕೂಡಲೇ ಮುಕ್ಕಳಿಸಿದರೆ ಪೇಸ್ಟಿನ ನೊರೆ ಔಷಧಿಯ ಬಲ ಕುಗ್ಗಿಸುತ್ತದೆ. ಅರ್ಧ ಗಂಟೆ ಬಿಡಬೇಕು. ಮೇಲಿಂದ ಕಾಫಿ, ಚಹಾ ಕುಡಿದರೆ ಹಲ್ಲು ಕಂದಾಗುತ್ತದೆ. ಆ ಕಲೆ ಪಾಲಿಶಿಂಗ್‌ಗೆ ಹೋಗುತ್ತದೆ, ಆದರೆ ಮೊದಲೇ ಹೇಳದಿದ್ದರೆ ಬೈಗುಳ ನಮಗೆ.

ಆರರಿಂದ ಎಂಟು ವಾರಕ್ಕೆ ಮತ್ತೆ ಅಳತೆ. 5 ಮಿ.ಮೀ. ಅಥವಾ ಹೆಚ್ಚು ಆಳ ಉಳಿದು, ಮುಟ್ಟಿದರೆ ರಕ್ತ ಬರುವ ಕಡೆ ಮಾತ್ರ ಇನ್ನೊಮ್ಮೆ ಕೆರೆದು ಚಿಪ್, ಅಂದರೆ ಔಷಧಿ ತುಂಬಿದ ಪುಟ್ಟ ಬಿಲ್ಲೆ, ಚೀಲದೊಳಗೆ ಇಡುತ್ತೇನೆ. ಒಂದರಲ್ಲಿ 2.5 ಮಿ.ಗ್ರಾಂ. ಕ್ಲೋರ್‌ಹೆಕ್ಸಿಡಿನ್ ಇರುತ್ತದೆ. ಹತ್ತಿಯುಂಡೆಯಿಟ್ಟು ಒಣಗಿಸಿ, ಚಿಮಟದಲ್ಲಿ ಹಿಡಿದು, ದುಂಡು ತುದಿ ಕೆಳಗೆ ಮಾಡಿ ಒಂದೇ ಏಟಿಗೆ ತಳದವರೆಗೆ ಇಳಿಸಬೇಕು. ತಡವರಿಸಿದರೆ ಎಂಜಲಿಗೆ ಮೆತ್ತಗಾಗಿ ಚೀಲದ ಬಾಯಲ್ಲೇ ಮಡಚಿಕೊಳ್ಳುತ್ತದೆ. ರಕ್ತ ಜೋರಾಗಿ ಹರಿಯುತ್ತಿದ್ದರೆ ಒತ್ತಿ ಹಿಡಿದು ನಿಲ್ಲಿಸಿ, ಆಮೇಲೆ ಇಡುವುದು. ಹತ್ತು ದಿನ ಆ ಜಾಗಕ್ಕೆ ಫ್ಲಾಸ್ ಬೇಡ. ಚಿಪ್ ತಾನೇ ಕರಗುವುದರಿಂದ ತೆಗೆಸಲು ಬರಬೇಕಿಲ್ಲ. ವಾರಗಟ್ಟಲೆ ಬೋಟಿನಲ್ಲಿರುವವರಿಗೆ ಇದೇ ಅನುಕೂಲ.

ನುಂಗುವ ಆಂಟಿಬಯೋಟಿಕ್ ಎಲ್ಲರಿಗಲ್ಲ. ಚಿಕ್ಕ ವಯಸ್ಸಿನಲ್ಲೇ ಮೂಳೆ ಬೇಗ ಕರಗುತ್ತಿದ್ದರೆ ಅಮಾಕ್ಸಿಸಿಲಿನ್ 500, ಮೆಟ್ರೊನಿಡಜೋಲ್ 400 ಮಿ.ಗ್ರಾಂ., ಎಂಟು ಗಂಟೆಗೊಮ್ಮೆ, ಏಳು ದಿನ. ಕ್ಲೀನಿಂಗ್ ಮುಗಿದ ದಿನವೇ ಶುರು. ಪೆನಿಸಿಲಿನ್ ಅಲರ್ಜಿ, ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ), ಕುಡಿತ ಮೂರನ್ನೂ ಬಾಯಿಬಿಟ್ಟು ಕೇಳಲೇಬೇಕು. ಕುಡಿತವನ್ನು ಮನೆಯವರನ್ನು ಹೊರಗೆ ಕಳುಹಿಸಿ ಕೇಳುವುದು ಒಳ್ಳೆಯದು.

ಇಷ್ಟೆಲ್ಲ ಆಗಿಯೂ ಚೀಲ ಕುಗ್ಗದಿದ್ದರೆ ಎಚ್‌ಬಿಎ1ಸಿ (ಸಕ್ಕರೆ ಕಾಯಿಲೆಯ ರಕ್ತ ಪರೀಕ್ಷೆ) ಮಾಡಿಸುತ್ತೇನೆ, ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸುತ್ತಾರಾ ಎಂದು ಕೇಳುತ್ತೇನೆ. ಎರಡನೇ ಚಿಪ್ ತೆರೆಯುವುದು ಅದರ ನಂತರ.