ಹೈಸ್ಕೂಲಿಗೆ ಬರ್ತಿದ್ದೀರಾ? ಏನಿದ್ದರೂ ಮೊದಲೇ ಹೇಳಿಬಿಡಿ

ಜೂನ್ ಮೊದಲ ವಾರ ನಮ್ಮ ಶಾಲೆಯ ಗೇಟಿನ ಹತ್ತಿರ ನಿಂತರೆ, ಎಂಟನೇ ಕ್ಲಾಸಿಗೆ ಹೊಸದಾಗಿ ಸೇರಿದವರು ಯಾರು ಅಂತ ಕೇಳಿ ತಿಳಿಯಬೇಕಾಗಿಲ್ಲ. ಇನ್ನೂ ಮೂರು ವರ್ಷ ಬರಲಿ ಅಂತ ದೊಡ್ಡದಾಗಿ ಹೊಲಿಸಿದ ಪ್ಯಾಂಟು, ಬೆನ್ನಿಗಿಂತ ಅಗಲದ ಬ್ಯಾಗು. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನ ದೊಡ್ಡ ಹುಡುಗರಾಗಿ ಮೆರೆದವರು ಇಲ್ಲಿ ಒಂದೇ ಬೆಳಿಗ್ಗೆಗೆ ಪುಟಾಣಿಗಳು.

ನಾನು ಮಂಡ್ಯದ ಪಕ್ಕದ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುವುದನ್ನೇ ಈ ಸಲ ಬರೆದಿಡುತ್ತಿದ್ದೇನೆ. ರೂಲ್ಸ್ ಬೋರ್ಡಿನಲ್ಲಿ ಹತ್ತಿಪ್ಪತ್ತು ಸಾಲು ಇರುತ್ತವೆ, ಅದನ್ನು ಯಾರೂ ಓದುವುದಿಲ್ಲ, ನಿಜ ಹೇಳಬೇಕೆಂದರೆ ನಾವೂ ಓದುವುದಿಲ್ಲ. ಆದರೆ ಇಷ್ಟು ವರ್ಷದಲ್ಲಿ ನಾನು ಕಂಡಿದ್ದು ಒಂದಿದೆ. ಸ್ಟಾಫ್ ರೂಮಿನ ಬಾಗಿಲಲ್ಲಿ ಅಳುತ್ತಾ ನಿಂತ ಮಕ್ಕಳಲ್ಲಿ ಮುಕ್ಕಾಲು ಪಾಲು ತಪ್ಪು ಮಾಡಿದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ ಅಲ್ಲಿ ನಿಂತಿರುತ್ತಾರೆ.

ಹಾಜರಿ ಮತ್ತು ರಜೆ

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕು. ಮುಕ್ಕಾಲು ಭಾಗ ತಾನೇ, ಆರಾಮು ಅಂತ ಅನಿಸುತ್ತದೆ. ನಮ್ಮ ಕಡೆ ಲೆಕ್ಕ ಬೇರೆ. ಭತ್ತದ ನಾಟಿಗೆ ಎರಡು ದಿನ, ಆಲೆಮನೆಯಲ್ಲಿ ಆಳು ಬರಲಿಲ್ಲ ಅಂತ ಮೂರು ದಿನ, ಅಕ್ಕನ ಬಾಣಂತನ, ಊರ ಹಬ್ಬ, ಅದರ ಮಾರನೇ ದಿನ ಬೀಗರೂಟ, ಅದರ ಮಾರನೇ ದಿನ ಹೊಟ್ಟೆನೋವು. ಹೀಗೆ ಎರಡೆರಡೇ ದಿನ ಸೇರಿ ಜನವರಿ ಹೊತ್ತಿಗೆ ರಿಜಿಸ್ಟರ್ ಕೂಡಿದಾಗ ಎದೆ ಧಸಕ್ ಅನ್ನುತ್ತದೆ.

ರಜೆ ಬೇಕಾದರೆ ಹಿಂದಿನ ದಿನವೇ ರಜಾ ಅರ್ಜಿ ಕೊಡಿ. ಕಾರಣ ನಿಜವಾದದ್ದೇ ಬರೆಯಿರಿ. 'ತೋಟದಲ್ಲಿ ಕೆಲಸ ಇದೆ' ಅಂತ ಬರೆದರೆ ಯಾವ ಮೇಷ್ಟ್ರೂ ನಗುವುದಿಲ್ಲ, ನಮ್ಮ ಮನೆಯಲ್ಲೂ ತೋಟ ಇದೆ. ಜ್ವರ ಅಂತ ಬರೆದು ಸಂತೆಯಲ್ಲಿ ಕಬ್ಬಿನ ಹಾಲು ಕುಡಿಯುತ್ತಾ ನನ್ನ ಕೈಗೇ ಸಿಕ್ಕಿಬಿದ್ದವರಿದ್ದಾರೆ. ಅಪ್ಪನ ಸಹಿಯನ್ನು ನೀವೇ ಹಾಕಿದರೆ ನಮಗೆ ಗೊತ್ತಾಗುತ್ತದೆ ಕಣ್ರಪ್ಪಾ, ಅಪ್ಪನ ಸಹಿ ಅಷ್ಟು ದುಂಡಗೆ ಇರುವುದೇ ಇಲ್ಲ.

ತಡವಾಗಿ ಬರುವುದೂ ಹಾಗೇ. ಬಸ್ಸಿನ ಕಷ್ಟ ನಮಗೆ ಗೊತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು. ಹುಡುಗರು ವಿದ್ಯಾರ್ಥಿ ಪಾಸು ಮಾಡಿಸಬೇಕು, ಅದನ್ನು ಜೂನ್‌ನಲ್ಲೇ ಮುಗಿಸಿಕೊಳ್ಳಿ. ನಿಮ್ಮ ಊರಿನ ಬೆಳಗಿನ ಬಸ್ಸು ದಿನಾ ಲೇಟು ಅಂತಾದರೆ ಮೊದಲ ವಾರದಲ್ಲೇ ಕ್ಲಾಸ್ ಟೀಚರಿಗೆ ತಿಳಿಸಿ. ಪ್ರೇಯರ್ ಅರ್ಧ ಆಗಿರುವಾಗ ಹಿಂದಿನಿಂದ ನುಸುಳಿ ಲೈನಿಗೆ ಸೇರಿಕೊಳ್ಳುವುದಕ್ಕಿಂತ ಅದು ಎಷ್ಟೋ ವಾಸಿ. ನಾಡಗೀತೆ ನಡೆಯುತ್ತಿದ್ದರೆ ಎಲ್ಲಿದ್ದೀರೋ ಅಲ್ಲೇ ನಿಲ್ಲಿ, ಗೇಟಿನ ಹತ್ತಿರವಾದರೂ ಸರಿ.

ಹೆಸರು, ಇನಿಷಿಯಲ್, ಹುಟ್ಟಿದ ದಿನ

ಇದನ್ನು ಯಾರೂ ರೂಲ್ಸ್ ಅಂತ ಹೇಳುವುದಿಲ್ಲ, ಆದರೆ ನನ್ನನ್ನು ಕೇಳಿದರೆ ಎಲ್ಲದಕ್ಕಿಂತ ಮುಖ್ಯ ಇದೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬರೀ ಅಂಕದ ಹಾಳೆಯಲ್ಲ. ಮುಂದೆ ಕೆಲಸಕ್ಕೆ, ಪಾಸ್‌ಪೋರ್ಟಿಗೆ ಹುಟ್ಟಿದ ದಿನಾಂಕದ ದಾಖಲೆಯಾಗಿ ತೋರಿಸುವುದು ಅದನ್ನೇ. ಶಾಲೆಯ ದಾಖಲೆಯಲ್ಲಿ 'ಸಿ' ಇನಿಷಿಯಲ್, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು, ಜನನ ಪ್ರಮಾಣ ಪತ್ರದಲ್ಲಿ ಅಜ್ಜಿ ಇಟ್ಟ ಹೆಸರು. ಇಂಥ ಮಕ್ಕಳು ನಮ್ಮಲ್ಲಿ ಪ್ರತಿ ಕ್ಲಾಸಿನಲ್ಲೂ ಇದ್ದಾರೆ.

ನನ್ನದೇ ಕಥೆ ಕೇಳಿ. ನನ್ನ ಅಂಕಪಟ್ಟಿಯಲ್ಲಿ ಅಮ್ಮನ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಹತ್ತನೇ ಕ್ಲಾಸಿನಲ್ಲಿ ಪಟ್ಟಿ ತೋರಿಸಿದಾಗ ನೋಡಿದ್ದೆ, ಏನು ಮಹಾ ಒಂದಕ್ಷರ, ಹೇಳಿದರೆ ಬೈಯುತ್ತಾರೇನೋ ಅಂತ ಸುಮ್ಮನಾದೆ. ಆಮೇಲೆ ಅದನ್ನು ಸರಿ ಮಾಡಿಸಲು ಅಫಿಡವಿಟ್ಟು, ಅರ್ಜಿ, ಶುಲ್ಕ, ಬೆಂಗಳೂರಿಗೆ ಮೂರು ಸಲ ಓಡಾಟ. ಅವತ್ತು ಬಾಯಿ ಬಿಟ್ಟಿದ್ದರೆ ಎರಡು ನಿಮಿಷದ ಕೆಲಸ.

ಹಾಗಾಗಿ ಎಂಟನೇ ಕ್ಲಾಸಿನಲ್ಲೇ ಆಧಾರು, ಟಿಸಿ, ಜನನ ಪ್ರಮಾಣ ಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕನ್ನಡದಲ್ಲೂ ನೋಡಿ, ಇಂಗ್ಲಿಷಿನಲ್ಲೂ ನೋಡಿ. ವ್ಯತ್ಯಾಸ ಇದ್ದರೆ ಅಪ್ಪ ಅಮ್ಮನ ಜೊತೆ ಬಂದು ಎಚ್‌ಎಂ ಅವರಿಗೆ ಹೇಳಿ. ಹತ್ತನೇ ಕ್ಲಾಸಿನಲ್ಲಿ ಪರೀಕ್ಷೆಗೆ ನೋಂದಣಿ ಆಗುವಾಗ ನಿಮ್ಮ ವಿವರ ತೋರಿಸಿ ಸಹಿ ಹಾಕಿಸಿಕೊಳ್ಳುತ್ತಾರೆ, ಆಗ ಪಕ್ಕದವನ ಜೊತೆ ಮಾತಾಡುತ್ತಾ ಗೀಚಬೇಡಿ.

ಕ್ಲಾಸು, ನೋಟ್ಸು, ಅಂಕ

ಎಸ್ಸೆಸ್ಸೆಲ್ಸಿಗೆ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಅದರಲ್ಲಿ ಪ್ರಥಮ ಭಾಷೆಗೆ 25, ಉಳಿದವಕ್ಕೆ 20 ಆಂತರಿಕ ಅಂಕ. ಅಂದರೆ 125 ಅಂಕ ಶಾಲೆಯಲ್ಲೇ, ವರ್ಷವಿಡೀ ನೀವು ಬರೆಯುವ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಟೆಸ್ಟು, ಮಾಡುವ ಚಟುವಟಿಕೆ ಇವುಗಳಿಂದ ಬರುತ್ತದೆ. ಎಂಟು, ಒಂಬತ್ತರಲ್ಲೂ ಎಫ್‌ಎ ನಾಲ್ಕು, ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ, ಅಂದರೆ ದೊಡ್ಡ ಪರೀಕ್ಷೆ) ಎರಡು ಇರುತ್ತವೆ, ಅಭ್ಯಾಸ ಅಲ್ಲೇ ಆಗಬೇಕು. ಪ್ರಾಜೆಕ್ಟನ್ನು ಅಂಗಡಿಯಿಂದ ಪ್ರಿಂಟ್ ತೆಗೆಸಿ ತಂದು ಕೊಡಬೇಡಿ, ಒಂದೇ ಅಂಗಡಿಯ ಅದೇ ಹೂವಿನ ಬಾರ್ಡರಿನ ಹನ್ನೆರಡು ಪ್ರಾಜೆಕ್ಟು ನನ್ನ ಟೇಬಲ್ ಮೇಲೆ ಬಂದಿದ್ದುಂಟು.

ಹೋಂವರ್ಕ್ ಆಗಿಲ್ಲವಾದರೆ ಪೀರಿಯಡ್ ಶುರುವಾಗುವ ಮೊದಲೇ ಎದ್ದು ಹೇಳಿ. 'ಮಿಸ್, ಮೂರನೇ ಲೆಕ್ಕ ಅರ್ಥ ಆಗಲಿಲ್ಲ' ಅಂದವರಿಗೆ ಇನ್ನೊಂದು ಸಲ ಪಾಠ ಸಿಗುತ್ತದೆ. 'ಬುಕ್ಕು ಮನೇಲಿ ಬಿಟ್ಟು ಬಂದೆ' ಅಂದವರಿಗೆ ಮನೆಗೆ ಫೋನು ಹೋಗುತ್ತದೆ.

ಕಾಪಿ ವಿಷಯ ಜಾಸ್ತಿ ಹೇಳುವುದಿಲ್ಲ. 2024ರಿಂದ ಎಸ್ಸೆಸ್ಸೆಲ್ಸಿ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್ ಇದೆ, ಕೊಠಡಿಯ ಕ್ಯಾಮೆರಾವನ್ನು ಬೇರೆಲ್ಲೋ ಕೂತವರು ನೋಡುತ್ತಿರುತ್ತಾರೆ. ಅದೇ ವರ್ಷದಿಂದ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವೂ ಇದೆ, ಯಾವುದರಲ್ಲಿ ಜಾಸ್ತಿ ಬಂತೋ ಅದನ್ನು ಉಳಿಸಿಕೊಳ್ಳಬಹುದು. ಮತ್ತೆ ಚೀಟಿ ಯಾಕೆ?

ಇನ್ನೊಂದು ಮಾತು. ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಎಂಟನೇ ಕ್ಲಾಸು ಓದುತ್ತಿದ್ದು, ಮನೆಯ ವರ್ಷದ ಆದಾಯ 3.5 ಲಕ್ಷ ಮೀರದಿದ್ದರೆ ಎನ್‌ಎಂಎಂಎಸ್ ಅನ್ನುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯಿರಿ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಎಂಟನೇ ಕ್ಲಾಸಿನಲ್ಲಿ ಬಿಟ್ಟರೆ ಮತ್ತೆ ಅವಕಾಶ ಇಲ್ಲ. ಆದಾಯ ಪ್ರಮಾಣ ಪತ್ರ ಬೇಕಾಗುತ್ತದೆ, ಕೊನೇ ದಿನ ನಾಡಕಚೇರಿ ಮುಂದೆ ಕ್ಯೂ ನಿಲ್ಲುವ ಬದಲು ಈಗಲೇ ಮಾಡಿಸಿಡಿ.

ಫೋನು, ಸ್ಕೂಟರು, ನಾಲೆ

ಫೋನ್ ತರಬೇಡಿ. ಅಪ್ಪ ಸಂಜೆ ಕರೆದುಕೊಂಡು ಹೋಗಬೇಕು, ತರಲೇಬೇಕು ಅಂತಿದ್ದರೆ ಬೆಳಿಗ್ಗೆ ಬಂದ ಕೂಡಲೇ ಆಫೀಸಿನಲ್ಲಿ ಕೊಟ್ಟುಬಿಡಿ. ಬ್ಯಾಗಿನ ತಳದಲ್ಲಿ ಟವೆಲ್ ಸುತ್ತಿ ಇಟ್ಟ ಫೋನು ಪಾಠದ ಮಧ್ಯೆ ಹಾಡಿದರೆ ಅದನ್ನು ಬಿಡಿಸಿಕೊಳ್ಳಲು ಅಪ್ಪನೇ ಕೆಲಸ ಬಿಟ್ಟು ಬರಬೇಕಾಗುತ್ತದೆ.

ಸ್ಕೂಟರ್ ಓಡಿಸಿಕೊಂಡು ಬರುವವರಿಗೆ ನಾನು ಬೈದು ಸಾಕಾಗಿದೆ, ಈಗ ಕಾನೂನನ್ನೇ ಓದಿ ಹೇಳುತ್ತೇನೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿ ಪ್ರಕಾರ ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷ ತುಂಬುವವರೆಗೂ ಲೈಸೆನ್ಸ್ ಇಲ್ಲ. 'ಊರೊಳಗೆ ತಾನೇ ಮಿಸ್' ಅಂತ ಹೇಳಬೇಡಿ, ನಿಮ್ಮ ಊರಿಗೂ ನಮ್ಮ ಶಾಲೆಗೂ ನಡುವೆ ಕಬ್ಬಿನ ಲೋಡಿನ ಟ್ರ್ಯಾಕ್ಟರು ಎಷ್ಟು ಓಡಾಡುತ್ತವೆ ಅಂತ ನಿಮಗೇ ಗೊತ್ತು. ಸೈಕಲ್ ತನ್ನಿ.

ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟಾಗ ಶನಿವಾರ ಶಾಲೆ ಬಿಟ್ಟ ಕೂಡಲೇ ಈಜಲು ಓಡುವವರಿದ್ದಾರೆ. ಮೇಲೆ ನೋಡಿದರೆ ನೀರು ಸುಮ್ಮನೆ ಹೋಗುತ್ತಿರುವಂತೆ ಕಾಣುತ್ತದೆ, ಒಳಗೆ ಸೆಳೆತ ಜೋರು, ಪಾಚಿ ಕಟ್ಟಿದ ದಡ ಹಿಡಿಯಲು ಸಿಗುವುದಿಲ್ಲ. ಇದೊಂದಕ್ಕೆ 'ಮೊದಲೇ ಹೇಳಿ' ಅನ್ನುವುದಿಲ್ಲ. ಹೋಗಲೇಬೇಡಿ.

ನಮ್ಮ ಕಡೆಯ ರೂಲ್ಸು

ರೂಲ್ಸು ನಿಮಗೆ ಮಾತ್ರ ಅಲ್ಲ, ನಮಗೂ ಇವೆ. ಮಕ್ಕಳಿಗೆ ಹೊಡೆಯುವುದನ್ನೂ, ಮನಸ್ಸಿಗೆ ನೋವಾಗುವಂತೆ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಯಾರಾದರೂ ಜಾತಿ ಹಿಡಿದು, ಬಣ್ಣ ಹಿಡಿದು ಹೀಯಾಳಿಸಿದರೆ, ಅದು ದೊಡ್ಡ ಹುಡುಗರಾಗಲಿ ದೊಡ್ಡವರಾಗಲಿ, ನಿಮಗೆ ನಂಬಿಕೆ ಇರುವ ಒಬ್ಬ ಟೀಚರಿಗೆ ಹೇಳಿ. ಯಾರಾದರೂ ಮೈ ಮುಟ್ಟಿ ತೊಂದರೆ ಕೊಟ್ಟರೆ ಅದೇ ದಿನ ಹೇಳಿ. ಮನೆಯಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆ ಮಾತು ಎದ್ದರೆ, ಹುಡುಗಿ ನೋಡಲು ಬರುವ ದಿನ ಗೊತ್ತಾಗುವ ಮೊದಲೇ ಹೇಳಿ. ಶಾಲೆಯಲ್ಲಿ ಹೇಳಲು ಆಗದಿದ್ದರೆ 1098ಕ್ಕೆ ಫೋನ್ ಮಾಡಬಹುದು, ಅದು ಮಕ್ಕಳ ಸಹಾಯವಾಣಿ, ದುಡ್ಡು ಹಿಡಿಯುವುದಿಲ್ಲ. ಹೇಳಿದ್ದಕ್ಕೆ ಬೈಸಿಕೊಳ್ಳುತ್ತೀರಿ ಅನ್ನುವ ಭಯ ಬೇಡ. ಹಿಂದೊಮ್ಮೆ ಹೀಗೆ ಹೇಳಲು ಬಂದ ಹುಡುಗಿಗೆ 'ಆಮೇಲೆ ಬಾ' ಅಂದು ಕಳಿಸಿದ್ದೆ. ಅವಳು ಆಮೇಲೆ ಬರಲಿಲ್ಲ, ಮೂರನೇ ವಾರದಿಂದ ಶಾಲೆಗೇ ಬರಲಿಲ್ಲ. ಅಂದಿನಿಂದ ಯಾರಿಗೂ ಹಾಗೆ ಅಂದಿಲ್ಲ.

ಮೊದಲ ದಿನ

ಬಿಸಿಯೂಟಕ್ಕೆ ತಟ್ಟೆ ಲೋಟ ಶಾಲೆಯಲ್ಲಿ ಇದೆಯೋ ಮನೆಯಿಂದ ತರಬೇಕೋ ಅಂತ ಮೊದಲೇ ವಿಚಾರಿಸಿಕೊಳ್ಳಿ. ತಿಂದ ತಟ್ಟೆ ತಾವೇ ತೊಳೆಯುವುದು ಹುಡುಗರಿಗೂ ಸೇರಿಸಿ ಹೇಳಿದ್ದು. ಹೊಸ ಯೂನಿಫಾರಂ ಇನ್ನೂ ಬಂದಿಲ್ಲವಾದರೆ ಹಳೆಯದನ್ನೇ ಒಗೆದು ಹಾಕಿಕೊಂಡು ಬನ್ನಿ, ಯಾರೂ ಏನೂ ಅನ್ನುವುದಿಲ್ಲ. ಮನೆಯ ಫೋನ್ ನಂಬರು ಬರೆಸುವಾಗ ಹಗಲು ಹೊತ್ತು ಎತ್ತುವವರ ನಂಬರನ್ನೇ ಕೊಡಿ. ರೀಚಾರ್ಜ್ ಮಾಡಿಸದೆ ಗೂಡಿನಲ್ಲಿ ಬಿದ್ದಿರುವ ಅಜ್ಜನ ಫೋನಿನ ನಂಬರು ಬೇಡ, ಹೋದ ವರ್ಷದ ಪಟ್ಟಿಯಲ್ಲಿ ಅಂಥವೇ ಒಂಬತ್ತು ಇದ್ದವು.